ಮರಳಿ ಬಂದವನ ಮನೆ: ‘ಹೈಮ್‌ಕೇರ್’ ಮೂಕಚಿತ್ರದ ಐತಿಹಾಸಿಕ ಸಾಕ್ಷ್ಯ

ಪ್ರಥಮ ಮಹಾಯುದ್ಧವು 1918ರ ನವೆಂಬರಿನಲ್ಲಿ ಮುಗಿಯಿತೆಂದು ಪಠ್ಯಗ್ರಂಥಗಳು ಹೇಳುತ್ತವೆ. ರಷ್ಯದ ಸೆರೆಯಲ್ಲಿದ್ದ ಜರ್ಮನ್ ಹಾಗೂ ಆಸ್ಟ್ರಿಯ-ಹಂಗೆರಿಯ ಯೋಧರಲ್ಲಿ ಅನೇಕರ ಪಾಲಿಗೆ ಅದು ಅಂದು ಮುಗಿದಿರಲಿಲ್ಲ. ರಷ್ಯದ ಅಂತರ್ಯುದ್ಧದಿಂದಾಗಿ ಅವರು ಸೈಬೀರಿಯದಲ್ಲಿಯೇ ಉಳಿಯಬೇಕಾಯಿತು. 1920ರಲ್ಲಿ ರಾಷ್ಟ್ರಸಂಘವು ನಾನ್ಸೆನ್ನನಿಗೆ ಈ ಕಾರ್ಯವನ್ನು ವಹಿಸಿತು; 1922ರ ವೇಳೆಗೆ ವಿವಿಧ ರಾಷ್ಟ್ರಗಳ 4 ಲಕ್ಷಕ್ಕೂ ಮಿಕ್ಕಿದ ಸೆರೆಯಾಳುಗಳು ಸ್ವದೇಶಗಳನ್ನು ಸೇರಿದರು. ಈ ಅಂಕಿಯು ಗಡಿಯನ್ನು ದಾಟಿದವರನ್ನು ಎಣಿಸುತ್ತದೆ. ಮನೆಯ ಹೊಸ್ತಿಲಲ್ಲಿ ಅವರಿಗೆ ಏನು ಕಾದಿತ್ತೆಂಬುದನ್ನು ತಿಳಿಸದು.

ಆ ಹೊಸ್ತಿಲನ್ನೇ ವಸ್ತುವಾಗಿ ಉಳ್ಳದ್ದು 1928ರ ‘ಹೈಮ್‌ಕೇರ್’, ಅರ್ಥಾತ್ ‘ಮನೆಗೆ ಮರಳುವಿಕೆ’. ಯೋ ಮೈ ನಿರ್ದೇಶಿಸಿ, ಎರಿಕ್ ಪೊಮ್ಮರ್ ಊಫಾ ಸಂಸ್ಥೆಗಾಗಿ ನಿರ್ಮಿಸಿದ ಈ ಮೂಕಚಿತ್ರಕ್ಕೆ ಲಿಯೊನ್‌ಹಾರ್ಡ್ ಫ್ರಾಂಕನ ‘ಕಾರ್ಲ್ ಮತ್ತು ಅನ್ನ’ (1926) ಎಂಬ ನೀಳ್ಗತೆಯೇ ಆಧಾರ. ಸೈಬೀರಿಯದ ಸೆರೆಯಲ್ಲಿ ರಿಚರ್ಡನು ತನ್ನ ಮಡದಿ ಅನ್ನಳ ವಿಷಯವನ್ನು ಗೆಳೆಯ ಕಾರ್ಲನಿಗೆ ಎಡೆಬಿಡದೆ ಹೇಳುತ್ತಾನೆ. ಕಾಣದ ಮನೆಯೊಂದು ಕಾರ್ಲನಿಗೆ ಪರಿಚಿತವಾಗುತ್ತದೆ. ಮೊದಲು ಆ ಮನೆಯನ್ನು ಸೇರುವವನು ಅವನೇ; ಅನ್ನಳೂ ಅವನೂ ಪರಸ್ಪರ ಅನುರಕ್ತರಾಗುತ್ತಾರೆ. ಅನಂತರ ರಿಚರ್ಡನು ಬರುತ್ತಾನೆ. ಅವನ ದೀರ್ಘ ಪಯಣವನ್ನು ಚಿತ್ರವು ಪಾದಗಳಿಂದಲೇ ಸೂಚಿಸುತ್ತದೆ: ಸೈನಿಕನ ಬೂಟು, ಹರಿದ ಪಾದರಕ್ಷೆ, ಚಿಂದಿಬಟ್ಟೆ, ಕಡೆಗೆ ಬರಿಗಾಲು. ಕೊನೆಯಲ್ಲಿ ಅವನು ತಾನಾಗಿ ದೂರ ಸರಿಯುತ್ತಾನೆ.

ಚರಿತ್ರಕಾರನು ಇದನ್ನು ಹೇಗೆ ಓದಬೇಕು? ಫ್ರಾಂಕನು ಯುದ್ಧವಿರೋಧಿ, 1915ರಲ್ಲಿಯೇ ಸ್ವಿಟ್ಜರ್‌ಲೆಂಡಿಗೆ ತೆರಳಿದವನು. ಊಫಾ ಸಂಸ್ಥೆಯಾದರೋ 1927ರಲ್ಲಿ ರಾಷ್ಟ್ರವಾದಿ ಪತ್ರಿಕೋದ್ಯಮಿ ಹೂಗೆನ್‌ಬರ್ಗನ ವಶವಾಗಿತ್ತು. ಈ ಯೋಧರನ್ನು ಸಮರಕ್ಕೆ ಕಳುಹಿಸಿದವರು ಯಾರೆಂಬ ಪ್ರಶ್ನೆ ಚಿತ್ರದಲ್ಲಿ ಪ್ರಧಾನವಾಗುವುದಿಲ್ಲ. ರಾಷ್ಟ್ರದ ದುರಂತವು ಒಬ್ಬನ ಔದಾರ್ಯದಲ್ಲಿ ಪರಿಹಾರವನ್ನು ಕಾಣುತ್ತದೆ. ಇದನ್ನು ಮಾಲೀಕನ ಆಜ್ಞೆಯೆಂದು ಹೇಳುವುದು ದುಡುಕಾದೀತು. ಪ್ರೇಕ್ಷಕರನ್ನು ನೋಯಿಸದ ಮುಕ್ತಾಯವು ವ್ಯಾಪಾರಕ್ಕೂ ಹಿತವೇ.

ಆದುದರಿಂದ ಈ ಚಿತ್ರವನ್ನು ಸೆರೆಶಿಬಿರದ ದಾಖಲೆಯೆಂದು ಬಗೆಯಲಾಗದು. ಯುದ್ಧವನ್ನು 1928ರ ಜರ್ಮನಿಯು ಯಾವ ರೂಪದಲ್ಲಿ ನೆನೆಯಲು ಸಿದ್ಧವಿತ್ತು ಎಂಬುದಕ್ಕೆ ಇದು ಸಾಕ್ಷ್ಯ. ಐದೇ ವರ್ಷಗಳಲ್ಲಿ, 1933ರಲ್ಲಿ, ಫ್ರಾಂಕನ ಗ್ರಂಥಗಳು ಬೆಂಕಿಗೆ ಬಿದ್ದವು. ಅವನೂ ಪೊಮ್ಮರನೂ ದೇಶವನ್ನು ತೊರೆದರು. ಮನೆಗೆ ಮರಳುವ ಕಥೆಯನ್ನು ಬರೆದವನಿಗೆ 1950ರವರೆಗೆ ಮನೆಗೆ ಮರಳುವ ಯೋಗವಿರಲಿಲ್ಲ.