ಸೂಲಗಿತ್ತಿಯ ಕೈಯೂ ವೈದ್ಯರ ಕತ್ತರಿಯೂ

ಹೆರಿಗೆಯೆಂಬುದು ಹೆಂಗಸಿಗೆ ಪುನರ್ಜನ್ಮವೆಂದು ಕನ್ನಡನಾಡಿನ ಮನೆಮನೆಗಳಲ್ಲಿಯೂ ಹೇಳುವ ವಾಡಿಕೆಯುಂಟು. ಹೆರಿಗೆಯಾದ ಮನೆಯಲ್ಲಿ ಎರಡು ಪ್ರಶ್ನೆಗಳನ್ನು ಎಲ್ಲರೂ ಕೇಳುವರು: ತಾಯಿ ಸುಖವೇ? ಮಗು ಗಂಡೋ ಹೆಣ್ಣೋ? ಆದರೆ ಮಗುವನ್ನು ಹೆರುವಾಗ ತಾಯಿಯ ಅಂಗಕ್ಕೆ ಎಷ್ಟು ಗಾಯವಾಯಿತು, ಆ ಗಾಯ ಹೇಗೆ ಮಾಯಿತು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಲಜ್ಜೆಯ ಮರೆಯಲ್ಲಿ ಆ ನೋವು ಶತಮಾನಗಳ ಕಾಲ ಮುಚ್ಚಿಹೋಗಿದೆ. ಚರಿತ್ರೆಯ ಗ್ರಂಥಗಳಲ್ಲಿ ಯುದ್ಧದಲ್ಲಿ ಗಾಯಗೊಂಡವರ ಲೆಕ್ಕ ಸಿಕ್ಕುತ್ತದೆ. ಸೂತಿಕಾಗೃಹದಲ್ಲಿ ಗಾಯಗೊಂಡವರ ಲೆಕ್ಕ ಸಿಕ್ಕುವುದಿಲ್ಲ.

ಶಿಶುವಿನ ಶಿರಸ್ಸು ಹೊರಬರುವ ಕಾಲದಲ್ಲಿ, ಯೋನಿಮುಖಕ್ಕೂ ಗುದಕ್ಕೂ ನಡುವೆ ಇರುವ ಮೂಲಾಧಾರ ಪ್ರದೇಶವು ಅತಿಶಯವಾಗಿ ಹಿಗ್ಗುತ್ತದೆ. ಹಲವರಲ್ಲಿ ಅದು ಹರಿಯುತ್ತದೆ. ಕೆಲವರಲ್ಲಿ ಹರಿಯದೆಯೇ ಉಳಿಯುತ್ತದೆ. ವೈದ್ಯರು ಈ ಹರಿತವನ್ನು ನಾಲ್ಕು ತರಗಳಾಗಿ ವಿಂಗಡಿಸುವರು. ಚರ್ಮಮಾತ್ರ ಸೀಳಿದರೆ ಮೊದಲನೆಯದು. ಒಳಗಿನ ಮಾಂಸಪೇಶಿಗೂ ತಗುಲಿದರೆ ಎರಡನೆಯದು. ಮಲದ್ವಾರವನ್ನು ಬಿಗಿಹಿಡಿದಿರುವ ಸ್ನಾಯುವೂ ಹರಿದರೆ ಮೂರನೆಯದು. ಗುದದ ಒಳಪೊರೆಯವರೆಗೂ ಹರಿದರೆ ನಾಲ್ಕನೆಯದು. ಮೊದಲೆರಡು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಮಾಯುವುವು. ಕಡೆಯ ಎರಡನ್ನು ಸಕಾಲದಲ್ಲಿ ಗುರುತಿಸಿ ನಿಪುಣರು ಹೊಲಿಯದಿದ್ದರೆ ಮಲವನ್ನೂ ವಾಯುವನ್ನೂ ತಡೆಯಲಾರದ ದುರವಸ್ಥೆ ಉಂಟಾಗಬಹುದು. ಅಂಥ ಹೆಂಗಸು ಮದುವೆಮನೆಗೆ ಹೋಗಲಾರಳು, ದೇವಸ್ಥಾನಕ್ಕೆ ಹೋಗಲಾರಳು, ಕಾರಣವನ್ನು ಗಂಡನಿಗೂ ಹೇಳಲಾರಳು.

ಹಾಗಾದರೆ ಕೆಲವರು ಈ ಗಾಯದಿಂದ ಪಾರಾಗುವುದು ಹೇಗೆ? ಕೆಲವು ಕಾರಣಗಳು ಮನುಷ್ಯಪ್ರಯತ್ನಕ್ಕೆ ಮೀರಿದವು. ಚೊಚ್ಚಲ ಹೆರಿಗೆಯಲ್ಲಿ ಅಪಾಯ ಹೆಚ್ಚು, ಅನಂತರದವುಗಳಲ್ಲಿ ಕಡಿಮೆ. ಮಗು ದಪ್ಪನಾಗಿದ್ದರೆ, ಅಥವಾ ಅದರ ಮುಖ ತಾಯಿಯ ಬೆನ್ನಿನ ಕಡೆಗಿರುವುದಕ್ಕೆ ಬದಲಾಗಿ ಹೊಟ್ಟೆಯ ಕಡೆಗಿದ್ದರೆ, ಹರಿಯುವ ಸಂಭವ ಹೆಚ್ಚುವುದು. ಇಕ್ಕಳದಿಂದ ಶಿಶುವನ್ನು ಎಳೆಯಬೇಕಾಗಿ ಬಂದಾಗಲೂ ಹೀಗೆಯೇ. ಆದುದರಿಂದ ಹರಿದವಳಲ್ಲಿ ದೋಷವನ್ನು ಹುಡುಕುವುದು ಅನ್ಯಾಯ. ಆದರೆ ಮಿಕ್ಕ ಕೆಲವು ಕಾರಣಗಳು ಮನುಷ್ಯರ ಕೈಯಲ್ಲಿಯೇ ಇವೆ: ತಾಯಿ ಯಾವಾಗ ಮುಕ್ಕಬೇಕು, ಹೇಗೆ ಕುಳಿತಿರಬೇಕು, ತಲೆ ಹೊರಡುವ ಕ್ಷಣದಲ್ಲಿ ಪಕ್ಕದಲ್ಲಿರುವವರ ಕೈ ಏನು ಮಾಡಬೇಕು ಎಂಬುವು. ಈ ವಿಷಯದ ಚರಿತ್ರೆಯೆಂದರೆ ವಾಸ್ತವವಾಗಿ ಆ ಕೈಯ ಚರಿತ್ರೆಯೇ.

ಭಾರತೀಯ ವೈದ್ಯಶಾಸ್ತ್ರವು ಈ ಭಾಗವನ್ನು ಉಪೇಕ್ಷಿಸಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಒಂಬತ್ತನೆಯ ತಿಂಗಳಲ್ಲಿ ಔಷಧಸಿದ್ಧವಾದ ತೈಲದಲ್ಲಿ ನೆನಸಿದ ಬತ್ತಿಯನ್ನು ಯೋನಿಯಲ್ಲಿರಿಸಿ ಗರ್ಭದ ಸ್ಥಾನವನ್ನೂ ಮಾರ್ಗವನ್ನೂ ಸ್ನಿಗ್ಧಗೊಳಿಸಬೇಕೆಂದು ವಿಧಿಯಿದೆ. ಹೆರಿಗೆಯ ಹೊತ್ತಿನಲ್ಲಿ ಜೊತೆಗಿರತಕ್ಕವರು ಹಲವು ಸಲ ಹೆತ್ತವರೂ ಸ್ನೇಹಶೀಲರೂ ಆಗಿರಬೇಕೆಂದು ಅಲ್ಲಿಯೇ ಹೇಳಿದೆ. ಬೇನೆ ಬಂದವಳು ಒನಕೆಯನ್ನು ಹಿಡಿದು ಧಾನ್ಯವನ್ನು ಕುಟ್ಟಬೇಕೆಂದು ಕೆಲವರ ಮತ. ಆತ್ರೇಯನು ಅದನ್ನು ನಿರಾಕರಿಸಿ, ಗರ್ಭಿಣಿಗೆ ಕಠಿಣವಾದ ವ್ಯಾಯಾಮ ಸಲ್ಲದು, ಅಡ್ಡಾಡುವುದೂ ಆಕಳಿಸುವುದೂ ಸಾಕೆನ್ನುತ್ತಾನೆ. ಎಲ್ಲಕ್ಕಿಂತ ಮುಖ್ಯವಾದುದು ಮತ್ತೊಂದು ಮಾತು. ಸೀನು, ತೇಗು, ಮಲಮೂತ್ರಗಳು ತಮ್ಮ ಕಾಲ ಬಾರದೆ ಎಷ್ಟು ತಿಣುಕಿದರೂ ಹೇಗೆ ಬಾರವೋ, ಹಾಗೆಯೇ ಕಾಲ ಬಾರದ ಗರ್ಭಕ್ಕಾಗಿ ಮುಕ್ಕುವುದು ವ್ಯರ್ಥವೂ ಹಾನಿಕರವೂ ಆಗುವುದೆಂದು ಆಚಾರ್ಯನ ಅಭಿಪ್ರಾಯ.

ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವೂ ಇದೇ ದಾರಿಯನ್ನು ಹಿಡಿದಿದೆ. ಎಣ್ಣೆಯನ್ನು ಒತ್ತಿ, ಬಿಸಿನೀರಿನಲ್ಲಿ ಮೀಯಿಸಿ, ಗಂಜಿಯನ್ನು ಕುಡಿಸಿ, ನಾಲ್ವರು ವಯಸ್ಸಾದ, ಹೆರಿಗೆಯಲ್ಲಿ ಕುಶಲರಾದ, ಉಗುರು ಕತ್ತರಿಸಿಕೊಂಡ ಹೆಂಗಸರು ಬಳಿಯಲ್ಲಿರಬೇಕೆಂದು ಅಲ್ಲಿ ಹೇಳಿದೆ. ಪ್ರಸವಮಾರ್ಗಕ್ಕೆ ಎಣ್ಣೆ ಸವರಬೇಕು, ಬೇನೆಯಿಲ್ಲದಾಗ ಮುಕ್ಕಬಾರದು, ಮೊದಲು ಮೆಲ್ಲಮೆಲ್ಲನೆ ಮುಕ್ಕಬೇಕು. ಉಗುರು ಕತ್ತರಿಸಿರಬೇಕೆಂಬ ಒಂದು ಮಾತಿನಲ್ಲಿಯೇ ಎಷ್ಟು ಅನುಭವ ಅಡಗಿದೆ!

ಆದರೆ ಪ್ರಾಚೀನವಾದುದೆಲ್ಲವೂ ಸರಿಯೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೆ ಗೌರವವಲ್ಲ. ಗರ್ಭವು ದ್ವಾರಕ್ಕೆ ಬಂದಾಗ ಅತ್ಯಂತ ಬಲವಾಗಿ ಮುಕ್ಕಬೇಕೆಂದು ಸುಶ್ರುತನ ಮತ. ಇಂದಿನ ಪ್ರಸೂತಿಶಾಸ್ತ್ರವು ಆ ಕ್ಷಣದಲ್ಲಿಯೇ ಬಲವನ್ನು ಸಡಿಲಿಸಿ, ಉಸಿರು ಬಿಡುತ್ತ, ತಲೆ ನಿಧಾನವಾಗಿ ಹೊರಬರುವಂತೆ ನೋಡಿಕೊಳ್ಳಬೇಕೆನ್ನುತ್ತದೆ. ಹಿಗ್ಗುವುದಕ್ಕೆ ಮಾಂಸಕ್ಕೆ ಕಾಲಾವಕಾಶ ಬೇಕು. ಒಂದೇ ರಭಸಕ್ಕೆ ತಲೆ ಚಿಮ್ಮಿದರೆ ಹರಿಯುವುದು. ಮಲಗುವ ಭಂಗಿಯನ್ನು ಹೇಳುವಾಗಲೂ ಸುಶ್ರುತನು ತೊಡೆಗಳನ್ನು ಮಡಿಸಿ ಅಂಗಾತವಾಗಿರುವುದನ್ನೇ ವಿಧಿಸಿದ್ದಾನೆ. ಹೀಗೆ ಕಾಲವನ್ನು ಕಾಯಬೇಕೆಂಬ ತತ್ತ್ವವು ಸಂಹಿತೆಗಳಲ್ಲಿ ದೃಢವಾಗಿದ್ದರೂ ಕಡೆಯ ಕ್ಷಣದ ಸಂಯಮವನ್ನು ಕಲಿಸಿದುದು ಗ್ರಂಥವಲ್ಲ, ಅಭ್ಯಾಸ.

ಆ ಅಭ್ಯಾಸವು ಇದ್ದುದು ಸೂಲಗಿತ್ತಿಯಲ್ಲಿ. ಇಂದು ಬೆಂಗಳೂರಿನ ದಕ್ಷಿಣ ಭಾಗವೆನಿಸಿಕೊಂಡಿರುವ ಪ್ರದೇಶದಲ್ಲಿ ಯಡಿಯೂರು, ಭೈರಸಂದ್ರ, ಸಾರಕ್ಕಿ, ಕತ್ರಿಗುಪ್ಪೆಗಳು ಕೆರೆ, ಗದ್ದೆ, ತೋಟಗಳ ನಡುವಣ ಹಳ್ಳಿಗಳಾಗಿದ್ದ ಕಾಲದಲ್ಲಿ ಹೆರಿಗೆಯೆಂಬುದು ಮನೆಯ ಒಳಕೋಣೆಯ ಕಾರ್ಯವಾಗಿತ್ತು. ಸೂಲಗಿತ್ತಿಯ ಸಾಧನಸಾಮಗ್ರಿಗಳೆಂದರೆ ಹರಳೆಣ್ಣೆ, ಬಿಸಿನೀರು, ಹಳೆಯ ಮೆತ್ತನೆಯ ಬಟ್ಟೆ, ತನ್ನ ಎರಡು ಕೈಗಳು. ಕನ್ನಡನಾಡಿನ ಹಲವೆಡೆ ಹೆರುವವಳು ಕುಕ್ಕರಗಾಲಿನಲ್ಲಿ ಕುಳಿತು ಕಂಬವನ್ನೋ ಹಗ್ಗವನ್ನೋ ಹಿಡಿದುಕೊಳ್ಳುತ್ತಿದ್ದಳು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮೂಲಾಧಾರಕ್ಕೆ ಒತ್ತಿಹಿಡಿದು, ತಲೆಯನ್ನು ಅಂಗೈಯಿಂದ ತಡೆದು ಮೆಲ್ಲನೆ ಬರಮಾಡಿಕೊಳ್ಳುವುದು ಜಾಣ ಸೂಲಗಿತ್ತಿಯ ಕುಶಲತೆಯಾಗಿತ್ತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಸೂಲಗಿತ್ತಿಯರು ಹಲವು ಊರುಗಳಲ್ಲಿ ಕ್ಷೌರಿಕರ ಮತ್ತು ಅಸ್ಪೃಶ್ಯರೆನಿಸಿದವರ ಮನೆತನಗಳವರು. ಸೂತಕದ ಮೈಲಿಗೆಯನ್ನು ಮುಟ್ಟುವ ಕಾರ್ಯವನ್ನು ಅವರಿಗೆ ಹೊರಿಸಿ, ಎಲೆಯಡಿಕೆ, ಅಕ್ಕಿ, ಸೀರೆಯನ್ನಿತ್ತು ಹೊರಬಾಗಿಲಿನಿಂದ ಕಳುಹಿಸಿಕೊಟ್ಟ ಸಮಾಜವು ಅವರ ವಿದ್ಯೆಯನ್ನು ವಿದ್ಯೆಯೆಂದು ಎಣಿಸಲಿಲ್ಲ, ಬರೆದಿಡಲೂ ಇಲ್ಲ. ಎಲ್ಲರ ಕೈಯೂ ಶುದ್ಧವಾಗಿರಲಿಲ್ಲ. ಬೇಗನೆ ಮುಕ್ಕೆಂದು ಗದರುವವರೂ ಹೊಟ್ಟೆಯನ್ನು ಅದುಮುವವರೂ ಇದ್ದರು. ಮಗು ಅಡ್ಡಲಾಗಿ ಸಿಕ್ಕಿಕೊಂಡರೆ ಅವರಿಂದ ಉಪಾಯವಿರಲಿಲ್ಲ. ಬಾಣಂತಿಜ್ವರದಿಂದ ಸತ್ತವರಿಗೆ ಲೆಕ್ಕವಿಲ್ಲ. ಆ ಜ್ವರವು ಕೈಯ ಕೊಳೆಯಿಂದ ಬರುವುದೆಂದು ವಿಯೆನ್ನಾ ನಗರದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ೧೮೪೭ರಲ್ಲಿ ಕಂಡುಹಿಡಿದನು. ಅಲ್ಲಿ ಕೊಳೆಯಾಗಿದ್ದ ಕೈಗಳು ಸೂಲಗಿತ್ತಿಯರವಲ್ಲ, ಶವಪರೀಕ್ಷೆ ಮಾಡಿ ಬಂದ ವೈದ್ಯರವು ಮತ್ತು ಅವರ ವಿದ್ಯಾರ್ಥಿಗಳವು ಎಂಬುದನ್ನೂ ನೆನೆಯಬೇಕು.

ಈ ಸಂಕಟಗಳಿಂದಲೇ ಆಸ್ಪತ್ರೆಯ ಅವಶ್ಯಕತೆ ಹುಟ್ಟಿತು. ೧೮೮೫ರಲ್ಲಿ ಲೇಡಿ ಡಫರಿನ್ ಅವರ ಹೆಸರಿನ ನಿಧಿಯು ಹಿಂದೂದೇಶದ ಸ್ತ್ರೀಯರಿಗೆ ಸ್ತ್ರೀವೈದ್ಯರ ಸಹಾಯವನ್ನು ಒದಗಿಸಲು ಸ್ಥಾಪಿತವಾಯಿತು. ೧೯೦೩ರಲ್ಲಿ ಲೇಡಿ ಕರ್ಜನ್ ಅವರ ಪ್ರಯತ್ನದಿಂದ ಸೂಲಗಿತ್ತಿಯರ ಶಿಕ್ಷಣಕ್ಕಾಗಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಏರ್ಪಟ್ಟಿತು. ಬೆಂಗಳೂರಿನಲ್ಲಿ ೧೮೯೮ರ ಪ್ಲೇಗಿನ ತರುವಾಯ ಬಸವನಗುಡಿಯಂಥ ಬಡಾವಣೆಗಳು ಬೆಳೆದುವು. ೧೮೯೫ರಿಂದ ೧೯೦೨ರವರೆಗೆ ರಾಜಪ್ರತಿನಿಧಿಯಾಗಿ ಮೈಸೂರನ್ನಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ‘ವಾಣೀವಿಲಾಸ’ ಬಿರುದನ್ನು ಹೊತ್ತ ಸ್ತ್ರೀಯರ ಆಸ್ಪತ್ರೆಯು, ಅವರು ಕಾಲವಾದ ಮರುವರ್ಷ, ೧೯೩೫ರಲ್ಲಿ, ಕೋಟೆಯ ಸಮೀಪದಲ್ಲಿ ತೆರೆಯಲ್ಪಟ್ಟಿತು. ೧೯೪೮ರಲ್ಲಿ ಜಯನಗರದ ಅಸ್ತಿಭಾರ ಬಿದ್ದು ಹಳೆಯ ಹಳ್ಳಿಗಳು ಊರಿನೊಳಗೆ ಬೆರೆತಂತೆ ಹೆರಿಗೆಯೂ ಒಳಕೋಣೆಯನ್ನು ಬಿಟ್ಟು ಆಸ್ಪತ್ರೆಯ ಮಂಚವನ್ನೇರಿತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ೯೭ ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದುವು. ಇದರಿಂದ ಉಳಿದ ಪ್ರಾಣಗಳನ್ನು ನೆನೆದರೆ ಹಳೆಯ ಕಾಲವೇ ಲೇಸೆಂದು ಯಾರೂ ಹೇಳಲಾರರು.

ಆದರೆ ಮಂಚದ ಜೊತೆಯಲ್ಲಿ ಕತ್ತರಿಯೂ ಬಂದಿತು. ಡಬ್ಲಿನ್ ನಗರದ ಫೀಲ್ಡಿಂಗ್ ಔಲ್ಡ್ ಎಂಬ ವೈದ್ಯನು ೧೭೪೨ರಲ್ಲಿ ಪ್ರಕಟಿಸಿದ ಪ್ರಸೂತಿಗ್ರಂಥದಲ್ಲಿ, ದ್ವಾರವು ತೀರ ಬಿಗಿಯಾಗಿ ತಲೆ ಹೊರಡದಿರುವಾಗ ಅದನ್ನು ಕೊಯ್ದು ಅಗಲಿಸಬಹುದೆಂದು ಬರೆದನು. ಅವನಿಗೆ ಅದು ಆಪದ್ಧರ್ಮ. ೧೯೨೦ರಲ್ಲಿ ಅಮೆರಿಕೆಯ ಶಿಕಾಗೋ ನಗರದ ಜೋಸೆಫ್ ಡಿಲೀ ಎಂಬ ಪ್ರಸಿದ್ಧ ವೈದ್ಯನು, ಪ್ರಸವವೇ ರೋಗಸ್ವರೂಪವುಳ್ಳದ್ದಾದುದರಿಂದ ಚೊಚ್ಚಲ ಹೆರಿಗೆಯಲ್ಲಿ ಮೊದಲೇ ಕೊಯ್ದು ಇಕ್ಕಳದಿಂದ ಶಿಶುವನ್ನು ತೆಗೆಯುವುದೇ ಕ್ಷೇಮವೆಂದು ಪ್ರತಿಪಾದಿಸಿದನು. ಆಪದ್ಧರ್ಮವು ನಿತ್ಯವಿಧಿಯಾಯಿತು. ತಾನಾಗಿ ಹರಿದ ಗಾಯಕ್ಕಿಂತ ನೇರವಾಗಿ ಕೊಯ್ದ ಗಾಯವೇ ಚೆನ್ನಾಗಿ ಮಾಯುವುದು, ಕೊಯ್ದರೆ ದೊಡ್ಡ ಹರಿತ ತಪ್ಪುವುದು ಎಂಬ ಎರಡು ನಂಬಿಕೆಗಳು ಪಠ್ಯಪುಸ್ತಕಗಳ ಮೂಲಕ ದೇಶದೇಶಗಳಿಗೆ ಹಬ್ಬಿದುವು. ಅಂಗಾತವಾಗಿ ಮಲಗಿಸಿ, ಕಾಲುಗಳನ್ನು ಮೇಲೆ ಕಟ್ಟಿ, ಚೊಚ್ಚಲವಾದರೆ ಕೊಯ್ಯುವುದು ಹಿಂದೂದೇಶದ ಅನೇಕ ಆಸ್ಪತ್ರೆಗಳಲ್ಲಿಯೂ ರೂಢಿಯಾಯಿತು. ವಿಚಾರಿಸಿ ನೋಡಿದರೆ, ಈ ಕೊಯ್ತವೂ ಚರ್ಮವನ್ನೂ ಮಾಂಸಪೇಶಿಯನ್ನೂ ಕತ್ತರಿಸುವುದರಿಂದ ಎರಡನೆಯ ತರದ ಗಾಯಕ್ಕೆ ಸಮಾನ. ಹರಿಯದೆ ಉಳಿಯಬಹುದಾಗಿದ್ದವಳಿಗೆ ಅದು ಪರಿಹಾರವಲ್ಲ, ಗಾಯವೇ.

ಈ ನಂಬಿಕೆಗಳಿಗೆ ಪ್ರಮಾಣವೇನೆಂಬ ಪ್ರಶ್ನೆ ದೀರ್ಘಕಾಲ ಏಳಲೇ ಇಲ್ಲ. ಅರ್ಜೆಂಟೀನ ದೇಶದ ಹೆರಿಗೆ ಆಸ್ಪತ್ರೆಗಳಲ್ಲಿ ೨೬೦೬ ಮಂದಿ ಹೆಂಗಸರನ್ನು ಎರಡು ಪಂಗಡಗಳಾಗಿ ವಿಂಗಡಿಸಿ ನಡೆಸಿದ ಪರೀಕ್ಷೆಯ ಫಲವು ೧೯೯೩ರಲ್ಲಿ ಪ್ರಕಟವಾಯಿತು. ಒಂದು ಪಂಗಡದಲ್ಲಿ ರೂಢಿಯಂತೆ ಕೊಯ್ದರು. ಮತ್ತೊಂದರಲ್ಲಿ ಅವಶ್ಯವಿದ್ದಾಗ ಮಾತ್ರ. ಘೋರವಾದ ಹರಿತವು ಮೊದಲ ಪಂಗಡದಲ್ಲಿ ನೂರಕ್ಕೆ ೧.೫, ಎರಡನೆಯದರಲ್ಲಿ ೧.೨. ಮುಂಭಾಗದ ಸಣ್ಣ ಗಾಯಗಳು ಎರಡನೆಯ ಪಂಗಡದಲ್ಲಿ ಹೆಚ್ಚಾಗಿದ್ದರೂ ನೋವು, ಹೊಲಿಗೆ, ಗಾಯ ಮಾಯದಿರುವ ತೊಂದರೆಗಳು ಕಡಿಮೆಯಾಗಿದ್ದುವು. ಕೊಯ್ತವು ದೊಡ್ಡ ಗಾಯವನ್ನು ತಪ್ಪಿಸುವುದೆಂಬ ವಾದ ಹೀಗೆ ಬಿದ್ದುಹೋಯಿತು. ಶಿಶುವಿನ ಉಸಿರು ಕುಗ್ಗುತ್ತಿರುವಾಗ, ಇಕ್ಕಳ ಅನಿವಾರ್ಯವಾದಾಗ ಕತ್ತರಿಗೆ ಇಂದಿಗೂ ಸ್ಥಾನವುಂಟು. ರೂಢಿಗೆ ಮಾತ್ರ ಸ್ಥಾನವಿಲ್ಲ.

೨೦೧೮ನೆಯ ಇಸವಿಯು ಈ ಚರಿತ್ರೆಯಲ್ಲಿ ಗಮನಾರ್ಹವಾದುದು. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಪ್ರಸವಕಾಲದ ಶುಶ್ರೂಷೆಯನ್ನು ಕುರಿತ ತನ್ನ ಸೂಚನೆಗಳಲ್ಲಿ, ರೂಢಿಯಿಂದ ಕೊಯ್ಯುವುದನ್ನೂ ಹೊಟ್ಟೆಯನ್ನು ಅದುಮಿ ಶಿಶುವನ್ನು ನೂಕುವುದನ್ನೂ ಬಿಡಬೇಕೆಂದಿತು. ತಾಯಿ ತನಗೆ ಹಿತವಾದ ಭಂಗಿಯಲ್ಲಿರಬಹುದು, ತನ್ನ ಮೈಯ ವೇಗವನ್ನನುಸರಿಸಿ ಮುಕ್ಕಬಹುದು, ಅವಳಿಗೆ ಒಪ್ಪಿಗೆಯಾದರೆ ಮೂಲಾಧಾರಕ್ಕೆ ಬಿಸಿನೀರಿನ ಬಟ್ಟೆಯ ಶಾಖ, ಮೃದುವಾದ ಮರ್ದನ, ಕೈಯ ಆಧಾರ ಕೊಡಬಹುದು ಎಂದಿತು. ಬಿಸಿಬಟ್ಟೆಯ ಶಾಖದಿಂದ ಮೂರನೆಯ, ನಾಲ್ಕನೆಯ ತರದ ಹರಿತಗಳು ಕಡಿಮೆಯಾಗುವುವೆಂದೂ, ಚೊಚ್ಚಲ ಬಸುರಿಯು ಮೂವತ್ತೈದನೆಯ ವಾರದ ಸುಮಾರಿನಿಂದ ವಾರಕ್ಕೆ ಒಂದೆರಡು ಸಲ ಎಣ್ಣೆಯಿಂದ ಆ ಭಾಗವನ್ನು ನೀವಿಕೊಂಡರೆ ಹೊಲಿಗೆಯ ಅವಶ್ಯಕತೆ ಕಡಿಮೆಯಾಗುವುದೆಂದೂ ಅನೇಕ ಪರೀಕ್ಷೆಗಳನ್ನು ಕೂಡಿಸಿ ನೋಡಿದ ವಿಮರ್ಶೆಗಳಿಂದ ತಿಳಿದುಬಂದಿದೆ. ಒಂಬತ್ತನೆಯ ತಿಂಗಳಿನ ತೈಲವನ್ನು ವಿಧಿಸಿದ ಚರಕನಿಗೂ, ಬಟ್ಟೆಯನ್ನು ಹಿಂಡಿ ಒತ್ತಿಹಿಡಿದ ಸೂಲಗಿತ್ತಿಗೂ ಇದು ಅಪರಿಚಿತವಾದ ವಿಷಯವೆ?

ಅದೇ ವರ್ಷ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅಜ್ಜಿಯಿಂದ ಕಲಿತ ವಿದ್ಯೆಯಿಂದ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಪ್ರತಿಫಲವನ್ನು ಬಯಸದೆ ಮಾಡಿಸಿದ ಆ ತಾಯಿಗೆ ತುಮಕೂರು ವಿಶ್ವವಿದ್ಯಾನಿಲಯವು ಮೊದಲೇ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತ್ತು. ಹೊರಬಾಗಿಲಿನಿಂದ ಕಳುಹಿಸಿಕೊಡುತ್ತಿದ್ದ ವಿದ್ಯೆಗೆ ಹೆಬ್ಬಾಗಿಲಿನ ಮರ್ಯಾದೆ ದೊರೆತುದು ಹೀಗೆ. ಅವರು ಆ ವರ್ಷದ ಡಿಸೆಂಬರ್ ೨೫ರಂದು ಬೆಂಗಳೂರಿನಲ್ಲಿ ಕಾಲವಾದರು. ಅದೇ ೨೦೧೮ರಲ್ಲಿಯೇ ಭಾರತ ಸರ್ಕಾರವು ಸಹಜ ಹೆರಿಗೆಗಳನ್ನು ನಿರ್ವಹಿಸತಕ್ಕ ವಿಶೇಷ ಶಿಕ್ಷಣ ಪಡೆದ ದಾದಿಯರ ಹೊಸ ವರ್ಗವನ್ನು ಏರ್ಪಡಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಒಬ್ಬ ಸೂಲಗಿತ್ತಿಯ ಆಯುಸ್ಸು ಮುಗಿದ ವರ್ಷದಲ್ಲಿಯೇ ಅವಳ ವೃತ್ತಿ ಬೇರೊಂದು ರೂಪದಿಂದ ಆಸ್ಪತ್ರೆಯನ್ನು ಪ್ರವೇಶಿಸಲು ಅನುಮತಿ ಪಡೆಯಿತು.

ಗಾಯವಿಲ್ಲದೆ ಹೆರುವುದು ಎಲ್ಲರಿಗೂ ಸಾಧ್ಯವಲ್ಲ. ಅದನ್ನು ಯಾವ ವೈದ್ಯರೂ ವಾಗ್ದಾನ ಮಾಡಲಾರರು. ಆದರೆ ಸಾಧ್ಯವಿದ್ದವಳಿಗೆ ತಪ್ಪಿಹೋಗುವುದು ಬಹುಮಟ್ಟಿಗೆ ಅವಸರದಿಂದ. ಹೆರಿಗೆಯ ಕೋಣೆಯಲ್ಲಿ ಮಂಚಗಳು ಕಡಿಮೆಯಾಗಿ ಗರ್ಭಿಣಿಯರು ಹೆಚ್ಚಾದಾಗ ಕಾಯುವುದು ಕಷ್ಟ, ಕತ್ತರಿ ಸುಲಭ. ಆದುದರಿಂದ ವಿದ್ಯಾವಂತರಾದ ಗೃಹಸ್ಥರು ಮನೆಯ ಮಗಳನ್ನು ಹೆರಿಗೆಗೆ ಸೇರಿಸುವಾಗ ಕೋಣೆಯ ಬಾಡಿಗೆಯನ್ನು ವಿಚಾರಿಸುವಂತೆಯೇ, ಕೊಯ್ಯುವುದು ಇಲ್ಲಿ ರೂಢಿಯೋ ಅಥವಾ ಅವಶ್ಯವಿದ್ದಾಗ ಮಾತ್ರವೋ, ಮಗಳು ತನಗೆ ಬೇಕಾದಂತೆ ಕುಳಿತಿರಬಹುದೋ, ಅನುಭವಸ್ಥರಾದ ದಾದಿಯರು ಪಕ್ಕದಲ್ಲಿರುವರೋ ಎಂದು ಮೊದಲೇ ಕೇಳುವುದು ಯುಕ್ತ. ಬಾಣಂತನದಲ್ಲಿ ಗಾಯವೆಷ್ಟು, ನೋವು ಹೇಗಿದೆ ಎಂದು ಅವಳನ್ನು ಸಂಕೋಚವಿಲ್ಲದೆ ಕೇಳುವುದೂ ಅಷ್ಟೇ ಯುಕ್ತ. ಪ್ರಾಣವನ್ನುಳಿಸಿದ ಆಸ್ಪತ್ರೆಯೂ ತಾಳ್ಮೆಯನ್ನು ಕಲಿಸಿದ ಸೂಲಗಿತ್ತಿಯೂ ಒಂದೇ ಕೋಣೆಯಲ್ಲಿ ಸೇರಿದರೆ, ಹೆರಿಗೆಯು ಪುನರ್ಜನ್ಮವೆಂಬ ಮಾತಿನಲ್ಲಿರುವ ಭಯವು ಕೊಂಚವಾದರೂ ಇಳಿದೀತು.