ಕೊಡಗಿನ ಕೋವಿಯೂ ಮದ್ದುಗುಂಡಿನ ಅಭಾವವೂ

ಕೊಡಗಿನ ಕೋವಿಯ ಹಕ್ಕನ್ನು ಕುರಿತ ಚರ್ಚೆಯೆಲ್ಲ ಬಹುಮಟ್ಟಿಗೆ ಕೋವಿಯ ಸುತ್ತಲೇ ನಡೆದಿದೆ. ಕೋವಿಯೊಳಗೆ ತುಂಬುವ ವಸ್ತುವಿನ ಕಡೆಗೆ ಗಮನ ಹರಿದದ್ದು ಕಡಮೆ. ಮದ್ದಿಲ್ಲದ ಕೋವಿ ಕಬ್ಬಿಣದ ಕೊಳವೆಯಷ್ಟೆ. ಕೋವಿಯನ್ನು ಒಮ್ಮೆ ಕೊಂಡರೆ ಮೂರು ತಲೆಮಾರು ಬಾಳುತ್ತದೆ. ಮದ್ದುಗುಂಡನ್ನಾದರೋ ಮತ್ತೆ ಮತ್ತೆ ಕೊಳ್ಳಬೇಕು. ಆದುದರಿಂದ ಕೋವಿಯ ಸ್ವಾತಂತ್ರ್ಯವನ್ನು ನಿಜವಾಗಿ ಅಳೆಯುವ ಕೋಲು ರಹದಾರಿಯಲ್ಲ, ಸರಬರಾಜು. ಮದ್ದುಗುಂಡು ವಿರಳವಾದಾಗ ಕೋವಿಯುಳ್ಳವರು ಏನನ್ನು ಕೊಂಡರು, ಯಾವುದಕ್ಕೆ ಈಡು ಹಾಕಿದರು, ಯಾವುದನ್ನು ಬಿಟ್ಟರು ಎಂಬ ದೃಷ್ಟಿಯಿಂದ ಕೊಡಗಿನ ಕಳೆದ 160 ವರ್ಷಗಳನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಪ್ರಕರಣದ ಆರಂಭ ಕೊಡಗಿನಲ್ಲಲ್ಲ, ಕೃಷ್ಣೆಯ ಈಚೆಯ ಬಯಲಿನಲ್ಲಿದೆ. 1857ರ ದಂಗೆಯ ವರ್ಷದಲ್ಲಿ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಶಾಸನ ಹೊರಟಿತು. ಮುಧೋಳ ಸಂಸ್ಥಾನದ ಸಣ್ಣ ಊರು ಹಲಗಲಿ. ಅಲ್ಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಆ ನವೆಂಬರಿನಲ್ಲಿ ಕಂಪೆನಿಯ ಸೈನ್ಯ ಊರಿಗೆ ಬೆಂಕಿಯಿಟ್ಟಿತು; ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಈ ಘಟನೆಯ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದರ ನೆನಪು ವಿದ್ವಾಂಸರಲ್ಲಿಯೂ ಉಳಿಯಿತು. ಬಳಿಕ 1860ರ 31ನೆಯ ಕಾಯಿದೆ ಬಂದಿತು. ಅದರ ದೀರ್ಘವಾದ ಹೆಸರಿನಲ್ಲಿ ಶಸ್ತ್ರಗಳ ಮತ್ತು ಮದ್ದುಗುಂಡುಗಳ ತಯಾರಿಕೆ, ಆಮದು, ಮಾರಾಟಗಳು ಮೊದಲು ಬರುತ್ತವೆ. ಅವುಗಳನ್ನು ಇಟ್ಟುಕೊಳ್ಳುವ ಹಕ್ಕಿನ ಮಾತು ಅನಂತರ. ಸರಕಾರಕ್ಕೆ ಯಾವ ಬಾಗಿಲನ್ನು ಮೊದಲು ಮುಚ್ಚಬೇಕೆಂಬುದು ಆಗಲೇ ತಿಳಿದಿತ್ತು.

ಇದೇ ಕಾಯಿದೆಯಿಂದ ಕೊಡಗರಿಗೆ ವಿನಾಯಿತಿ ದೊರೆಯಿತು. 1861ರ ಫೆಬ್ರುವರಿ 26ರಂದು ಕಮಿಷನರ್ ಮಾರ್ಕ್ ಕಬ್ಬನ್, ಕೊಡಗರ ಶೌರ್ಯವನ್ನೂ ರಾಜನಿಷ್ಠೆಯನ್ನೂ ಹಿಂದೆ ಅವರು ಸರಕಾರಕ್ಕೆ ಮಾಡಿದ ನೆರವನ್ನೂ ಕಾರಣವಾಗಿ ಹೇಳಿ, ನಿಃಶಸ್ತ್ರೀಕರಣದ ನಿಬಂಧನೆಗಳು ಅವರಿಗೆ ಅನ್ವಯಿಸುವುದಿಲ್ಲವೆಂದು ಸಾರಿದನು. ಎರಡು ತಿಂಗಳೊಳಗೆ, ಸ್ವದೇಶಕ್ಕೆ ಮರಳುವ ದಾರಿಯಲ್ಲಿ, ಸೂಯೆಜ್‌ನಲ್ಲಿ ಅವನು ತೀರಿಕೊಂಡನು. ಒಂದೇ ನೀತಿಯಿಂದ ಹಲಗಲಿ ಸುಟ್ಟುಹೋಯಿತು, ಕೊಡಗು ಗೌರವ ಪಡೆಯಿತು. ಆದರೆ ಕಬ್ಬನ್ನನ ಪ್ರಕಟನೆ ಕೋವಿಯನ್ನು ಮನೆಯಲ್ಲಿ ಉಳಿಸಿತೇ ಹೊರತು ಮದ್ದನ್ನು ತಯಾರಿಸುವ, ಮಾರುವ ವ್ಯವಹಾರವನ್ನು ಮನೆಯ ವಶಕ್ಕೆ ತರಲಿಲ್ಲ.

1878ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಈ ಅಂಶ ಇನ್ನೂ ಸ್ಪಷ್ಟವಾಗುತ್ತದೆ. ಮದ್ದುಗುಂಡು ಎಂಬ ಶಬ್ದದ ಅರ್ಥವ್ಯಾಪ್ತಿಯಲ್ಲಿ ಕಿಡಿಕಲ್ಲು, ಈಡನ್ನು ಬಿಗಿಯುವ ಬಿರಟೆ, ಕೇಪು ಇವನ್ನೆಲ್ಲ ಹೆಸರಿಸಿ ಸೇರಿಸಲಾಯಿತು. ಸೀಸ, ಗಂಧಕ, ಪೆಟ್ಲುಪ್ಪುಗಳನ್ನು ಅದರಿಂದ ಹೊರಗಿಟ್ಟರೂ, ಬೇಕಾದಾಗ ಅವನ್ನು ಸೈನಿಕ ಸಾಮಗ್ರಿಯೆಂದು ಘೋಷಿಸುವ ಅಧಿಕಾರವನ್ನು ಸರಕಾರ ಕೈಯಲ್ಲಿಟ್ಟುಕೊಂಡಿತು. ಬೆರಳ ತುದಿಯಲ್ಲಿ ನಿಲ್ಲುವ ತಾಮ್ರದ ಪುಟ್ಟ ಕೇಪನ್ನು ಕಾಯಿದೆ ಹೆಸರು ಹಿಡಿದು ಕರೆದದ್ದು ಸಕಾರಣವಾಗಿಯೇ ಇದೆ.

ಆ ಕಾರಣವನ್ನು ತಿಳಿಯಲು ಕೋವಿಯ ರಚನೆಯನ್ನು ನೋಡಬೇಕು. ಬತ್ತಿಯಿಂದಲೋ ಕಿಡಿಕಲ್ಲಿನಿಂದಲೋ ಹೊತ್ತಿಸುವ ಹಳೆಯ ಕೋವಿಯವನು ಹೆಚ್ಚುಕಡಮೆ ಸ್ವಾವಲಂಬಿ. ಕರಿಮದ್ದಿನ ನೂರು ಪಾಲಿನಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಗಂಧಕವೊಂದನ್ನು ಬಿಟ್ಟರೆ ಉಳಿದವು ನಾಡಿನಲ್ಲಿಯೇ ದೊರೆಯುವಂಥವು. ಸೀಸವನ್ನು ಒಲೆಯ ಮೇಲೆ ಕರಗಿಸಿ ಗುಂಡು ಎರೆಯಬಹುದು. ತೆಂಗಿನ ನಾರು, ಹಳೆಯ ಬಟ್ಟೆ ಬಿರಟೆಯಾಗುತ್ತವೆ. ಕೇಪಿನ ಕೋವಿ ಬಂದಾಗ ಮಳೆಗಾಲದಲ್ಲಿಯೂ ಈಡು ತಪ್ಪದೆ ಹೊತ್ತುವಂತಾಯಿತು. ಮಡಿಕೇರಿಯಂತೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಗೆ ಅದು ದೊಡ್ಡ ಉಪಕಾರ. ಆದರೆ ಕೇಪಿನೊಳಗಿನ ಸಿಡಿಯುವ ಪಾದರಸದ ಲವಣವನ್ನು ಮನೆಯಲ್ಲಿ ಮಾಡಲಾಗದು. ಕಾರ್ಖಾನೆಯ ಮೇಲಣ ಅವಲಂಬನೆ ಈ ಕೇಪಿನ ಮೂಲಕ ಮೊದಲು ಮನೆ ಹೊಕ್ಕಿತು.

ತೋಟೆ ಕೋವಿ ಬಂದ ಮೇಲೆ ಅವಲಂಬನೆ ಪೂರ್ಣವಾಯಿತು. ಮದ್ದು, ಬಿರಟೆ, ಚರೆ, ಕೇಪು ನಾಲ್ಕೂ ಒಂದೇ ಕೊಳವೆಯಲ್ಲಿ ಅಡಕವಾಗಿ, ಕೊಂಡು ತರಬೇಕಾದ ಸಿದ್ಧವಸ್ತುವಾದುವು. ಒಂದು ಪೌಂಡು ಸೀಸದಿಂದ 12 ಸಮ ಗುಂಡುಗಳನ್ನು ಎರೆದರೆ ಅವುಗಳಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆಯೇ ಹನ್ನೆರಡು ಬೋರು; ಈ ಅಳತೆ ಭಾರತದಲ್ಲಿ ಮನೆಮಾತಾಯಿತು. ತೋಟೆಗಳ ಪೆಟ್ಟಿಗೆಗಳ ಮೇಲೆ ಇಲೀ, ಕೈನಾಕ್ ಎಂಬ ಇಂಗ್ಲಿಷ್ ಮುದ್ರೆಗಳಿರುತ್ತಿದ್ದುವು. ಅಂದಿನ ತೋಟೆಯ ಕೊಳವೆ ದಪ್ಪ ಕಾಗದದ್ದು. ಥಂಡಿಗೆ ಉಬ್ಬಿದರೆ ನಳಿಗೆಯೊಳಗೆ ಇಳಿಯದು. ಹೀಗಾಗಿ ಹೆಚ್ಚು ಕೊಂಡು ಬಹುಕಾಲ ಕೂಡಿಡುವುದು ಮಳೆನಾಡಿನವನಿಗೆ ಲಾಭದ ಮಾತಾಗಿರಲಿಲ್ಲ. ಅಭಾವ ಬರುವುದೆಂದು ಗೊತ್ತಿದ್ದರೂ ಅದಕ್ಕೆ ಪೂರ್ವಸಿದ್ಧತೆ ಕಷ್ಟವಾಗಿತ್ತು.

ಎರಡು ಮಹಾಯುದ್ಧಗಳಲ್ಲಿ ಇಂಗ್ಲೆಂಡಿನ ಈ ಕಾರ್ಖಾನೆಗಳು ಸೇನೆಯ ಕೆಲಸಕ್ಕೆ ತಿರುಗಿದುವು. ಬೇಟೆಯ ತೋಟೆ ಅವುಗಳಿಗೆ ಕೊನೆಯ ಚಿಂತೆಯಾಯಿತು. ಇಂಥ ಕಾಲದಲ್ಲಿ ಕೋವಿಯವನ ನಡವಳಿಕೆ ಮೂರು ಬಗೆಯಲ್ಲಿ ಮಾರ್ಪಡುತ್ತದೆ. ಮೊದಲನೆಯದು ಕೊಳ್ಳುವ ಬಗೆ. ಹಕ್ಕಿಗೆ ಬೇಕಾದ ಸಣ್ಣ ಚರೆಯ ನಂಬರು ಬೇರೆ, ಕಾಡುಹಂದಿಗೆ ಬೇಕಾದ ಎಲ್.ಜಿ., ಎಸ್.ಜಿ.ಗಳಂಥ ದಪ್ಪ ಗುಂಡು ಬೇರೆ; ಅಭಾವದಲ್ಲಿ ಬೇಕಾದ್ದನ್ನು ಕೇಳುವ ಬದಲು ಅಂಗಡಿಯಲ್ಲಿ ಇದ್ದುದನ್ನು ಕೊಳ್ಳಬೇಕಾಗುತ್ತದೆ, ಆಮೇಲೆ ಕೈಯಲ್ಲಿರುವ ತೋಟೆಗೆ ತಕ್ಕಂತೆ ಬೇಟೆಯನ್ನು ಆರಿಸಬೇಕಾಗುತ್ತದೆ. ಎರಡನೆಯದು ಮರುಬಳಕೆ. ಹೊಡೆದ ತೋಟೆಯ ಖಾಲಿ ಕೊಳವೆಯನ್ನು ಎಸೆಯದೆ, ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದು ಚರೆಗಳನ್ನು ಅಳೆದು ತುಂಬಿ ಬಾಯಿ ಮಡಿಸುವುದು. ಅಳತೆ ತಪ್ಪಿದರೆ ನಳಿಗೆ ಸೀಳುವ ಅಪಾಯ ಇದರಲ್ಲಿ ಉಂಟು. ಹಳೆಯ ತೋಟೆ ಹೊತ್ತದೆ ಕೈಕೊಡುವ, ತಡವಾಗಿ ಸಿಡಿಯುವ ಅಪಾಯವೂ ಉಂಟು. ಮೂರನೆಯದು ಹೊಡೆಯುವ ಬಗೆ. ಜೋಡಿನಳಿಗೆಯ ಕೋವಿ ಎರಡನೆಯ ಈಡಿನ ಧೈರ್ಯವನ್ನು ಕೊಡುತ್ತದೆ. ತೋಟೆ ವಿರಳವಾದಾಗ ಆ ಧೈರ್ಯವೇ ದುಂದುಗಾರಿಕೆ. ಆಗ ತೋಟೆ ಕೋವಿಯವನೂ ಕೇಪಿನ ಕೋವಿಯ ಅಜ್ಜನಂತೆ ಕಾದು, ಸಮೀಪಿಸಿ, ಖಚಿತವಾದ ಒಂದೇ ಈಡನ್ನು ಹಾಕಬೇಕು. ಇಂಥ ಹೊತ್ತಿನಲ್ಲಿ ಅಟ್ಟದ ಮೇಲಿನ ಕೇಪಿನ ಕೋವಿಗೆ ಮತ್ತೆ ಬೆಲೆ ಬರುವುದು ಸಹಜ: ಅದು ಕೇಳುವುದು ಒಂದು ಕೇಪು, ಒಂದು ಹಿಡಿ ಮದ್ದು, ಚೂರು ಸೀಸ.

ಸ್ವಾತಂತ್ರ್ಯಾನಂತರ ಸರಬರಾಜಿನ ಕೇಂದ್ರ ಬರ್ಮಿಂಗ್‌ಹ್ಯಾಮಿನಿಂದ ನಮ್ಮ ಸರಕಾರಿ ಕಾರ್ಖಾನೆಗಳಿಗೆ ಕ್ರಮೇಣ ಸರಿಯಿತು. ಕೈನಾಕ್ ಸಂಸ್ಥೆ 1960ರ ದಶಕದಲ್ಲಿ ಭಾರಿ ಬೇಟೆಯ ರೈಫಲುಗಳ ತೋಟೆಗಳನ್ನು ಒಂದೊಂದಾಗಿ ನಿಲ್ಲಿಸಿದಾಗ ಎಷ್ಟೋ ಬೆಲೆಬಾಳುವ ರೈಫಲುಗಳು ಮೂಕವಾದುವು. 1980ರ ದಶಕದ ನಡುವಿನಿಂದ ಖಾಸಗಿ ಆಮದು ಬಹುಮಟ್ಟಿಗೆ ನಿಂತಿತು. ಉಳಿದ ಆಸರೆಯಲ್ಲಿ ಮುಖ್ಯವಾದುದು 1869ರಲ್ಲಿ ಸ್ಥಾಪಿತವಾದ ಖಡ್ಕಿಯ ಮದ್ದುಗುಂಡಿನ ಕಾರ್ಖಾನೆ. ಠಾಕುರ್ಲಿ, ಡೊಂಬಿವಲಿಗಳ ಕನ್ನಡಿಗರಿಗೆ ಈ ದಾರಿ ಅಪರಿಚಿತವಲ್ಲ. ಕಲ್ಯಾಣದಿಂದ ಕರ್ಜತ್ ಕಡೆಗೆ ಹೊರಟ ಲೋಕಲ್ ಗಾಡಿಯ ಮೂರನೆಯ ನಿಲ್ದಾಣವಾದ ಅಂಬರನಾಥದಲ್ಲಿ ಸಣ್ಣ ಆಯುಧಗಳ ತೋಟೆಗೆ ಬೇಕಾದ ಹಿತ್ತಾಳೆಯ ಬಟ್ಟಲುಗಳನ್ನು ತಯಾರಿಸುವ ಕಾರ್ಖಾನೆಯಿದೆ. ಅದೇ ಹಳಿ ಬೋರ್ ಘಾಟನ್ನೇರಿ ಪುಣೆಯ ಮಗ್ಗುಲ ಖಡ್ಕಿಯನ್ನು ಮುಟ್ಟುತ್ತದೆ. 2021ರ ಅಕ್ಟೋಬರ್ 1ರಂದು ಈ ಬಗೆಯ 41 ಕಾರ್ಖಾನೆಗಳನ್ನು ಏಳು ಸರಕಾರಿ ಕಂಪೆನಿಗಳಾಗಿ ಹಂಚಿದಾಗ ಅಂಬರನಾಥ ಒಂದು ಕಂಪೆನಿಗೂ ಖಡ್ಕಿ ಇನ್ನೊಂದಕ್ಕೂ ಸೇರಿದುವು. ಸೇನೆಯ ಬೇಡಿಕೆಯೇ ಇವುಗಳ ಮೊದಲ ಕರ್ತವ್ಯ. ಕೊಡಗಿನ ಮನೆಯ ತೋಟೆ ಈ ಸಾಲಿನ ಕೊನೆಯಲ್ಲಿ ನಿಂತಿದೆ.

ಕಾಯಿದೆಯ ಭಾಷೆಯೂ ಈ ಸತ್ಯವನ್ನು ಬಲ್ಲದು. 1959ರ ಶಸ್ತ್ರಾಸ್ತ್ರ ಕಾಯಿದೆಯ 41ನೆಯ ಕಲಮಿನಂತೆ 1963ರಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿಯನ್ನು ಮುಂದುವರಿಸಿದಾಗ, ಕೊಡಗಿನ ಹೊರಗೆ ವಾಸಿಸುವ ಅಥವಾ ಸಂಚರಿಸುವವರಿಗೆ ಒಂದು ಮಿತಿಯನ್ನು ಹಾಕಲಾಯಿತು: ಒಂದು ರೈಫಲು, ಅದಕ್ಕೆ 100 ತೋಟೆ; ಒಂದು ನಯನಳಿಗೆಯ ಕೋವಿ, ಅದಕ್ಕೆ 500 ತೋಟೆ ಅಥವಾ ಅದಕ್ಕೆ ಸಮವಾದ ಸೀಸದ ಚರೆ ಮತ್ತು ಮದ್ದು. ‘ಅದಕ್ಕೆ ಸಮವಾದ’ ಎಂಬ ಮಾತು ಗಮನಾರ್ಹ. ಒಂದು ತೋಟೆಗೆ ಸುಮಾರು 30 ಗ್ರಾಂ ಚರೆಯೆಂದು ಹಿಡಿದರೆ 500 ತೋಟೆಗೆ 15 ಕಿಲೋ ಸೀಸ. ಕೇಪಿನ ಕೋವಿಯ ಲೋಕ ಇನ್ನೂ ಮುಗಿದಿಲ್ಲವೆಂದೂ, ತೋಟೆ ಇಲ್ಲದವನು ಬಿಡಿ ಮದ್ದನ್ನು ಆಶ್ರಯಿಸುವನೆಂದೂ ಕರಡು ಬರೆದವರು ಊಹಿಸಿದ್ದರು. ಉದ್ಯೋಗಕ್ಕಾಗಿ ಹೊರನಾಡಿಗೆ ಬಂದವನ ಹಕ್ಕು ಅವನೊಡನೆಯೇ ಬರುತ್ತದೆ, ಆದರೆ ಎಣಿಕೆಯ ಪೆಟ್ಟಿಗೆಯಲ್ಲಿ.

ಅಭಾವ ಎಲ್ಲೆಡೆಯೂ ಒಂದೇ ಫಲ ಕೊಡುವುದಿಲ್ಲ. ಅಮೆರಿಕದಲ್ಲಿ 2012ರ ಕೊನೆಯ ಶಾಲಾ ಹತ್ಯಾಕಾಂಡದ ಬಳಿಕ ಕಾಯಿದೆ ಬಿಗಿಯಾಗುವುದೆಂಬ ಭಯದಿಂದಲೂ, 2020ರಲ್ಲಿ ಸಾಂಕ್ರಾಮಿಕದ ಗಾಬರಿಯಿಂದಲೂ ಜನರು ಮದ್ದುಗುಂಡುಗಳನ್ನು ಮುಗಿಬಿದ್ದು ಕೊಂಡರು. ಇಲ್ಲವಾಗುವುದೆಂಬ ಭಯವೇ ಅಂಗಡಿಗಳನ್ನು ಬರಿದು ಮಾಡಿತು. ಗುರಿಯ ಅಭ್ಯಾಸ ಕುಗ್ಗಿತು, ಮನೆಯ ಸಂಗ್ರಹ ಹಿಗ್ಗಿತು. ಅದೇ 2020ರಲ್ಲಿ ಹೆಸರಾಂತ ರೆಮಿಂಗ್ಟನ್ ಸಂಸ್ಥೆ ದಿವಾಳಿಯಾದದ್ದು ಕೊರತೆಯನ್ನು ಹೆಚ್ಚಿಸಿತು. ಅಲ್ಲಿ ಕೊರತೆ ಕೂಡಿಡುವುದನ್ನು ಕಲಿಸಿತು. ಸಂಗ್ರಹಕ್ಕೆ ಹವೆಯೂ ಪೇಟೆಯೂ ಒಲಿಯದ ಕೊಡಗಿನಲ್ಲಿ ಕೊರತೆ ಕಲಿಸುವ ಪಾಠ ಬೇರೆ: ಯಾವ ಈಡು ಅವಶ್ಯಕ, ಯಾವುದು ಅಲ್ಲ ಎಂಬ ವಿವೇಚನೆ.

ಈ ವಿವೇಚನೆಯನ್ನು ಕಾಲವೇ ಮುಂದಕ್ಕೆ ಒಯ್ದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿ ಬಹುತೇಕ ಮುಗಿಸಿತು. ಹುಲಿಯನ್ನು ಕೊಂದವನಿಗೆ ನರಿಮಂಗಲ ಮಾಡುವ ಸಂಪ್ರದಾಯ ಇತಿಹಾಸಕ್ಕೆ ಸರಿಯಿತು. ತೋಟೆಯನ್ನು ಹೆಚ್ಚು ತಿನ್ನುತ್ತಿದ್ದ ಕಾರ್ಯವೇ ಹೀಗೆ ನಿಂತ ಮೇಲೆ ಉಳಿದುದೇನು? ಗಂಡು ಮಗು ಹುಟ್ಟಿದಾಗ ಒಂದು ಈಡು. ಮನೆಯಲ್ಲಿ ಸಾವಾದಾಗ ಬೆನ್ನುಬೆನ್ನಿಗೆ ಎರಡು. ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ, ಕೋವಿಗೆ ತೋಕ್‌ಪೂವನ್ನು ಸಿಕ್ಕಿಸಿ ಪೂಜಿಸಿ, ಆ ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದುಂಟು. ಇವೆಲ್ಲವನ್ನೂ ಕೂಡಿಸಿದರೂ ಒಂದು ಮನೆಗೆ ವರ್ಷಕ್ಕೆ ಬೇಕಾಗುವ ತೋಟೆಗಳು ಬೆರಳೆಣಿಕೆಯವು. ಮಲೆಗಳ ನಡುವೆ ಒಂದಕ್ಕೊಂದು ದೂರವಾದ ಮನೆಗಳಲ್ಲಿ ಎರಡು ಈಡಿನ ಸದ್ದು ಹರಕಾರನಿಗಿಂತ ಬೇಗ ಸಾವಿನ ಸುದ್ದಿಯನ್ನು ಮುಟ್ಟಿಸುತ್ತಿತ್ತು. ಬೇಟೆಗೆ ನೂರು ತೋಟೆ ಸಾಲದು. ಸಾವಿಗೆ ಎರಡು ಸಾಕು. ಯಾವ ಅಭಾವವೂ ಈ ಆಚಾರವನ್ನು ಅಳಿಸಲಾರದೆ ಹೋದುದಕ್ಕೆ ಶ್ರದ್ಧೆಯೊಡನೆ ಈ ಮಿತವಾದ ಲೆಕ್ಕವೂ ಕಾರಣವೆಂದು ಹೇಳಬೇಕು.

2019ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ವಿನಾಯಿತಿಯನ್ನು ಹತ್ತು ವರ್ಷಗಳಿಗೆ ಸೀಮಿತಗೊಳಿಸಿ, 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. ಜನಾಂಗವನ್ನೂ ಹಿಡುವಳಿಯನ್ನೂ ಆಧಾರವಾಗಿಟ್ಟ ಇಂಥ ವಿನಾಯಿತಿ ಸಂವಿಧಾನಸಮ್ಮತವೇ ಎಂಬ ಪ್ರಶ್ನೆ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. 2029ರಲ್ಲಿ ಈ ಚರ್ಚೆ ಮತ್ತೆ ಏಳುವುದು ನಿಶ್ಚಿತ. ಆಗ ಪರ ವಿರೋಧಗಳೆರಡರವರೂ ಕೋವಿಗಳ ಸಂಖ್ಯೆಯನ್ನು ಎಣಿಸುವರು. ಎಣಿಸಬೇಕಾದದ್ದು ಈಡುಗಳನ್ನು. ಹಲಗಲಿಯಲ್ಲಿ ಆಯುಧವನ್ನೇ ಕಿತ್ತುಕೊಳ್ಳಲು ಸೈನ್ಯ ಬೇಕಾಯಿತು. ಕೊಡಗಿನಲ್ಲಿ ಆಯುಧ ಮನೆಯಲ್ಲಿಯೇ ಉಳಿಯಿತು. ಅದರ ಮಾತನ್ನು ಮಿತಗೊಳಿಸಿದ್ದು ಕೇಪು, ಕಾಗದದ ಕೊಳವೆ, ಬಂದರು, ಕಾರ್ಖಾನೆ. ಆ ಮಿತಿಯೊಳಗೆ ಒಂದು ಜನತೆ ತನ್ನ ಕೊನೆಯ ತೋಟೆಗಳನ್ನು ಯಾವುದಕ್ಕೆ ಮೀಸಲಿಟ್ಟಿತು ಎಂಬುದರಲ್ಲಿ ಅದು ಕೋವಿಯನ್ನು ಏನೆಂದು ತಿಳಿದಿತ್ತೆಂಬುದು ವ್ಯಕ್ತವಾಗುತ್ತದೆ.