ಅದೇ ಸ್ವರ, ಬೇರೆ ಮಹಡಿ

ನಮ್ಮ ಗೊರಗುಂಟೆಪಾಳ್ಯದ ಕಡೆ ಕೀಬೋರ್ಡನ್ನು ಯಾರೂ ಕೀಬೋರ್ಡ್ ಎನ್ನುವುದಿಲ್ಲ. ಯಾವ ಕಂಪನಿಯದಾದರೂ ಅದು ‘ಕ್ಯಾಸಿಯೊ’. ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ರಾಜ್ಯೋತ್ಸವದ ವೇದಿಕೆ ಇರಲಿ, “ಕ್ಯಾಸಿಯೊದವರು ಬಂದ್ರಾ?” ಎಂದೇ ಕೇಳುವುದು. ಜಪಾನಿನ ಆ ಕಂಪನಿ ತನ್ನ ಮೊದಲ ಕ್ಯಾಸಿಯೊಟೋನನ್ನು ಮಾರಿದ್ದು 1980ರಲ್ಲಿ. ಅದಕ್ಕೂ ನೂರು ವರ್ಷ ಮೊದಲೇ, ಅದರ ‘ಆಕ್ಟೇವ್’ ಗುಂಡಿ ಈಗ ಮಾಡುವ ಕೆಲಸವನ್ನು ಹಾರ್ಮೋನಿಯಂ ಮಾಡುತ್ತಿತ್ತು.

ಆಕ್ಟೇವ್ ಎಂದರೆ ನಮ್ಮ ಸ್ಥಾಯಿ. ಮಂದ್ರ, ಮಧ್ಯ, ತಾರ ಎಂದು ಸಂಗೀತ ಪಾಠದ ಮೊದಲ ವಾರದಲ್ಲೇ ಹೇಳಿಕೊಡುತ್ತಾರಲ್ಲ, ಅದೇ. ಸೆಕೆಂಡಿಗೆ 440 ಸಲ ಕಂಪಿಸುವ ಸ್ವರ 880 ಸಲ ಕಂಪಿಸಿದರೆ ಒಂದು ಸ್ಥಾಯಿ ಮೇಲೇರಿತು. ಸ್ವರ ಅದೇ, ಮಹಡಿ ಬೇರೆ.

ಫ್ರಾನ್ಸಿನಲ್ಲಿ 1840ರ ದಶಕದಲ್ಲಿ ಹುಟ್ಟಿದ ಹಾರ್ಮೋನಿಯಂ ಕಾಲಿನಲ್ಲಿ ತುಳಿಯುವ ಪೆಟ್ಟಿಗೆಯಾಗಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವಂತೆ ಬದಲಾಯಿಸಿದರು. ಇದರೊಳಗಿನ ರೀಡುಗಳಿಗೆ ವ್ಯಾಪಾರದವರು ಇಟ್ಟ ಹೆಸರು ಕೇಳಿ: ಬಾಸ್, ಮೇಲ್, ಫೀಮೇಲ್. ಒಂದಕ್ಕಿಂತ ಒಂದು ಒಂದೊಂದು ಸ್ಥಾಯಿ ಮೇಲೆ. ಹೆಣ್ಣಿನ ದನಿಯನ್ನು ಹೀಗೆ ಮೇಲಿನ ಮಹಡಿಗೆ ಸೇರಿಸಿದವರು ಯಾರೋ ಏನೋ! ಕಪ್ಲರ್ ಎಂಬ ಇನ್ನೊಂದು ಏರ್ಪಾಡನ್ನು ಹಾಕಿದರೆ, ಒಂದು ಮನೆ ಒತ್ತಿದಾಗ ಸ್ಥಾಯಿ ಬಿಟ್ಟು ಅದರ ಜೊತೆಯ ಮನೆಯೂ ತಾನಾಗಿ ಒತ್ತಿಕೊಳ್ಳುತ್ತದೆ. ಒಬ್ಬನೇ ನುಡಿಸಿದರೂ ಇಬ್ಬರು ನುಡಿಸಿದಂತೆ.

ಈ ಬಲ ಬೇಕಾಗಿದ್ದದ್ದು ನಾಟಕಕ್ಕೆ. ಗುಬ್ಬಿ ಕಂಪನಿ 1884ರಲ್ಲಿ ಶುರುವಾದಾಗ ಮೈಕು ಎಲ್ಲಿತ್ತು? ಕೊನೆಯ ಸಾಲಿನ ನೆಲದ ಗಿರಾಕಿಗೂ ಕಂದಪದ್ಯ ಕೇಳಿಸಬೇಕಾದರೆ ನಟ ಏರು ಶ್ರುತಿಯಲ್ಲೇ ಹಾಡಬೇಕು, ಹಾರ್ಮೋನಿಯಂ ಅವನ ಬೆನ್ನಿಗೆ ನಿಲ್ಲಬೇಕು. ನೆಲಮಂಗಲ, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ಕಲಿಸುವಾತನಿಗೆ ಇವತ್ತಿಗೂ ‘ಹಾರ್ಮೋನಿಯಂ ಮೇಷ್ಟ್ರು’ ಎಂದೇ ಹೆಸರು. ಮಾತು, ಹೆಜ್ಜೆ, ಹಾಡು ಮೂರನ್ನೂ ಕಲಿಸುವವನು ಆತನೇ. ಈಗ ಆತನ ಪಕ್ಕದಲ್ಲಿ ಕ್ಯಾಸಿಯೊದ ಹುಡುಗ ಕೂರುತ್ತಾನೆ. ಮೈಕು ಬಂದು ಎಷ್ಟೋ ಕಾಲವಾದರೂ ಭೀಮ, ದುರ್ಯೋಧನರ ಶ್ರುತಿ ಮಾತ್ರ ಇಳಿದಿಲ್ಲ!

ಪಂಡಿತರಿಗೆ ಈ ಪೆಟ್ಟಿಗೆ ಹಿಡಿಸಲಿಲ್ಲ. ಗಮಕ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಎಂದು ಆಕಾಶವಾಣಿ 1940ರ ಮಾರ್ಚ್ 1ರಿಂದ ಇದನ್ನು ಹೊರಗಿಟ್ಟಿತು. ಬಿಗಿ ಸಡಿಲವಾದದ್ದು 1971ರಲ್ಲಿ. ಬೆಳಗಾವಿಯ ರಾಂಭಾವು ಬಿಜಾಪುರೆ (1917–2010) ಅವರಂಥ ಹಾರ್ಮೋನಿಯಂ ವಾದಕರ ಪ್ರಾಯವೆಲ್ಲ ಆ ನಿಷೇಧದ ಕಾಲದಲ್ಲೇ ಕಳೆಯಿತು. ಹಳ್ಳಿಯ ನಾಟಕಕ್ಕೆ ಅದರ ಬಿಸಿ ತಟ್ಟಲಿಲ್ಲ.

ತಾನೇ ತಾಳ ಹಾಕಿಕೊಳ್ಳುವ ಅರೇಂಜರ್ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ 61 ಮನೆಗಳಿರುತ್ತವೆ. ಅವುಗಳಲ್ಲಿ ಎಡಗಡೆಯ 19ರಷ್ಟು ಕಾರ್ಡಿಗೆ ಹೋದರೆ ಬಲಗೈಗೆ ಉಳಿಯುವುದು 42, ಅಂದರೆ ಮೂರೂವರೆ ಸ್ಥಾಯಿಯ ಹಳೆಯ ಹಾರ್ಮೋನಿಯಂನಷ್ಟೇ! ಜಾಗ ಸಾಲದೆ ಸ್ಥಾಯಿ ಬದಲಿಸಬೇಕಾಗುತ್ತದೆ. ಯಂತ್ರದ ಒಳಗೆ ಇದು ಬರೀ ಲೆಕ್ಕ; 1983ರಲ್ಲಿ ಬಂದ ‘ಮಿಡಿ’ ಪದ್ಧತಿಯಲ್ಲಿ ನಡುವಣ ಷಡ್ಜದ ಮನೆಗೆ 60 ಎಂಬ ಸಂಖ್ಯೆ, ಹನ್ನೆರಡು ಕೂಡಿಸಿದರೆ ಮೇಲಿನ ಸ್ಥಾಯಿ, ಕಳೆದರೆ ಕೆಳಗಿನದು. ಕಿವಿಗೆ ಹಾಗಲ್ಲ. ಕೊಳಲಿನ ನಾದವನ್ನು ಎರಡು ಸ್ಥಾಯಿ ಇಳಿಸಿದರೆ ಕೊಳಲು ಎನಿಸುವುದಿಲ್ಲ. ಬಾಸ್ ಗಿಟಾರನ್ನು ಏರಿಸಿದರೆ ಆಟದ ಸಾಮಾನಿನಂತೆ ಕೇಳುತ್ತದೆ. ಅದಕ್ಕೇ ಒಂದೊಂದು ವಾದ್ಯದ ಸ್ಥಾಯಿಯನ್ನೂ ಬೇರೆಬೇರೆ ಇಡಲು ಯಂತ್ರದಲ್ಲಿ ಅನುಕೂಲ ಮಾಡಿದ್ದಾರೆ.

ನನಗೆ ಇದರ ಹುಚ್ಚು ಹತ್ತಿದ್ದು ಒಂಬತ್ತನೆಯ ತರಗತಿಯ ಹುಡುಗರಿಂದ. ಹದಿಮೂರು ಹದಿನಾಲ್ಕರಲ್ಲಿ ಗಂಡುಮಕ್ಕಳ ಕಂಠ ಒಡೆದು ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳದು ಎರಡು ಮೂರು ಸ್ವರ ಇಳಿದರೆ ಹೆಚ್ಚು. ನಿನ್ನೆಯವರೆಗೆ ಪ್ರಾರ್ಥನೆಯಲ್ಲಿ ಮುಂದೆ ನಿಲ್ಲುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಹಿಂದಿನ ಸಾಲಿಗೆ ಸರಿಯುತ್ತಾನೆ. “ಕತ್ತೆ ಕಂಠ” ಎಂದು ಯಾರೋ ನಕ್ಕಿರುತ್ತಾರೆ. ಹಾಗೆ ಬಾಯಿ ಮುಚ್ಚಿದವರು ಮತ್ತೆ ಹಾಡಿದ್ದನ್ನು ನಾನು ಕಂಡದ್ದು ಕಡಿಮೆ.

ಆಕ್ಟೇವ್ ಗುಂಡಿ ಒತ್ತಿದರೆ ಎಲ್ಲ ಸರಿಹೋಗುತ್ತದೆ ಎಂದು ನಮ್ಮ ಯುವ ಶಿಕ್ಷಕರ ನಂಬಿಕೆ. ಅದು ವಾದ್ಯವನ್ನು ಇಳಿಸೀತು, ಕಂಠವನ್ನಲ್ಲ. ಕಂಠ ಒಡೆಯುವ ಆ ಕೆಲವು ತಿಂಗಳು ಹುಡುಗನಿಗೆ ಮೇಲಿನ ಮಹಡಿಯೂ ಇಲ್ಲ, ಕೆಳಗಿನದೂ ಪೂರ್ತಿ ಕೈಗೆ ಬಂದಿಲ್ಲ. ನಡುವೆ ಐದಾರು ಸ್ವರದ ಮೆಟ್ಟಿಲಷ್ಟೇ. ಅವನಿಗೆ ಬೇಕಾದದ್ದು ಪಕ್ಕದ ‘ಟ್ರಾನ್ಸ್‌ಪೋಸ್’ ಗುಂಡಿ. ಅದು ಶ್ರುತಿಯನ್ನೇ ಒಂದೊಂದು ಮನೆಯಷ್ಟು ಸರಿಸುತ್ತದೆ.

ನಾಡಗೀತೆಯ ಧಾಟಿ ಯಾವುದೆಂಬ ವಾದ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಗೆ, ಎರಡೂವರೆ ನಿಮಿಷಕ್ಕೆ, ಬಂದು ನಿಂತಿತು. ಯಾವ ಮನೆಯಿಂದ ಎತ್ತಿಕೊಳ್ಳಬೇಕೆಂಬ ವಾದ ನಮ್ಮ ಸ್ಟಾಫ್ ರೂಮಿನಲ್ಲಿ ಪ್ರತಿ ಅಕ್ಟೋಬರಿನಲ್ಲೂ ಏಳುತ್ತದೆ. ನಾನು ಹುಡುಗಿಯರಿಗೆ ಐದು ಮನೆ ಕೊಟ್ಟು, ದೊಡ್ಡ ಹುಡುಗರನ್ನು ಅದೇ ಸ್ವರದಲ್ಲಿ ಒಂದು ಸ್ಥಾಯಿ ಕೆಳಗೆ ಹಾಡಿಸುತ್ತೇನೆ. ಕಂಠ ಒಡೆಯುತ್ತಿರುವ ನಾಲ್ಕೈದು ಜನಕ್ಕೆ ಷಡ್ಜ, ಪಂಚಮ ಎರಡನ್ನೇ ಹಿಡಿದು ನಿಲ್ಲುವ ಕೆಲಸ. ತಂಬೂರಿಯಂತೆ.